ಅಡುಗೆಗೆ ಕೈ ಹಾಕುವ ಮುನ್ನ

ಕೈ ತೊಳೆಯುವುದು ಎಲ್ಲರಿಗೂ ಗೊತ್ತು, ಎಡವಟ್ಟಾಗುವುದು ಒರೆಸುವಾಗ. ಸೋಪು ಹಚ್ಚಿ 20 ಸೆಕೆಂಡು ಉಜ್ಜಿದ ಕೈಯನ್ನು ಕಟ್ಟೆ ಒರೆಸಿದ ಒದ್ದೆ ಬಟ್ಟೆಗೇ ಒರೆಸಿದರೆ ರೋಗಾಣು ವಾಪಸ್ ಕೈಗೆ ಬರುತ್ತವೆ. ಕೈಗೆಂದೇ ಬೇರೆ ಒಣ ಟವೆಲ್ ಇಡಿ, ದಿನಾ ಬದಲಿಸಿ. ಉಜ್ಜುವಾಗ ಹೆಬ್ಬೆರಳು, ಬೆರಳ ಸಂದು, ಉಗುರಿನಡಿ ಬಿಡಬೇಡಿ, ಉಂಗುರ ತೆಗೆದಿಡಿ. ಹಸಿ ಮಾಂಸ, ಮೊಟ್ಟೆ ಮುಟ್ಟಿದ ಮೇಲೆ, ಮೂಗು ಒರೆಸಿದ ಮೇಲೆ ಮತ್ತೆ ತೊಳೆಯಬೇಕು. ಮೊಬೈಲ್ ಹಿಡಿದ ಮೇಲೂ ಅಷ್ಟೇ (ಹೆಚ್ಚಿನವರು ಮರೆಯುವುದು ಇದನ್ನೇ). ಮಾಂಸದ ಕೈಯಲ್ಲಿ ತಿರುಗಿಸಿದ ನಲ್ಲಿಯ ಹಿಡಿಗೂ ಸೋಪು ಬೇಕು.

ಬೆರಳಿಗೆ ಗಾಯವಾಗಿದ್ದರೆ ನೀರಿಳಿಯದ ಬ್ಯಾಂಡೇಜ್, ಅದರ ಮೇಲೊಂದು ಗ್ಲೌಸ್. ಗಾಯದಲ್ಲಿ, ಮೂಗಿನಲ್ಲಿ ಇರುವ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಆಹಾರದಲ್ಲಿ ಬೆಳೆದು ವಿಷ ಬಿಟ್ಟರೆ, ಆಮೇಲೆ ಎಷ್ಟು ಕುದಿಸಿದರೂ ಆ ವಿಷ ಹೋಗುವುದಿಲ್ಲ. ಗ್ಲೌಸ್ ಕೂಡ ಕೈಯಷ್ಟೇ ಕೊಳೆಯಾಗುತ್ತದೆ, ಕೆಲಸ ಬದಲಾದಾಗ ಅದನ್ನೂ ಬದಲಿಸಿ.

ರುಚಿ ನೋಡಿದ ಚಮಚ ಮತ್ತೆ ಪಾತ್ರೆಗೆ ಬೇಡ. ಕೂದಲು ಕಟ್ಟಿಕೊಳ್ಳಿ.

ವಾಂತಿ-ಭೇದಿ ಆದವರು ಅದು ನಿಂತ ಮೇಲೂ 48 ಗಂಟೆ ಬೇರೆಯವರಿಗೆ ಅಡುಗೆ ಮಾಡಬಾರದು. ಸ್ಯಾನಿಟೈಸರ್ ನಂಬಿ ಕೂರಬೇಡಿ: ವಾಂತಿ-ಭೇದಿ ತರುವ ನೊರೊವೈರಸ್ ಮೇಲೆ ಅದರ ಆಟ ಅಷ್ಟಾಗಿ ನಡೆಯದು, ಸೋಪು-ನೀರೇ ಆಗಬೇಕು.