ಪೈಪು, ರಟ್ಟು, ಧ್ರುವ ನಕ್ಷತ್ರ: ನಾನು ರಾತ್ರಿ ಗಡಿಯಾರ ಮಾಡಿದ್ದು

ಸ್ವಿಟ್ಜರ್ಲೆಂಡಿನ ಸೇಂಟ್ ಗಾಲನ್ ಮಠದ ಲೈಬ್ರರಿಯವ್ರು ಹಳೇ ಹಸ್ತಪ್ರತಿಗಳನ್ನ ಸ್ಕ್ಯಾನ್ ಮಾಡಿ ಹಾಕಿದಾರೆ, ಅದ್ರಲ್ಲಿ 18ನೇ ನಂಬರಿನ ಪ್ರತಿಯ 43ನೇ ಪುಟದಲ್ಲಿ ಒಬ್ಬ ಸನ್ಯಾಸಿ ಸ್ಟ್ಯಾಂಡ್ ಮೇಲಿರೋ ಕೊಳವೆಗೆ ಕಣ್ಣಿಟ್ಟು ಆಕಾಶ ನೋಡ್ತಿದಾನೆ. ಟೆಲಿಸ್ಕೋಪ್ ಅನ್ಕೊಂಡೆ. ಅದು ಬಂದಿದ್ದೇ 1608ರ ಹೊತ್ತಿಗಲ್ವಾ! ಇದ್ರಲ್ಲಿ ಗಾಜೇ ಇಲ್ಲ, ಬರೀ ಕೊಳವೆ. ನಡುರಾತ್ರಿ ಪ್ರಾರ್ಥನೆಗೆ ಏಳ್ಬೇಕಲ್ಲ, ಅದಕ್ಕೆ ನಕ್ಷತ್ರ ನೋಡಿ ಹೊತ್ತು ತಿಳಿಯೋ ರಾತ್ರಿ ಗಡಿಯಾರ. 9ನೇ ಶತಮಾನದಲ್ಲಿ ಇಟಲಿಯ ವೆರೋನಾದಲ್ಲಿದ್ದ ಪಸಿಫಿಕಸ್ ಅನ್ನೋ ಪಾದ್ರಿ ಹೆಸರು ಇದಕ್ಕೆ ಅಂಟ್ಕೊಂಡಿದೆ.

ನಾನಿರೋದು ಧಾರವಾಡ. ಒಂದಿಂಚಿನ ಪಿವಿಸಿ ಪೈಪು ಎರಡಡಿ ಕೊಯ್ದು, ಒಳಗೆ ಕಪ್ಪು ಚಾರ್ಟ್ ಪೇಪರ್ ಸುತ್ತಿ ತುರುಕಿ, ಮುಂದಿನ ತುದಿಗೆ ಒಂದಡಿ ಅಗಲದ ರಟ್ಟಿನ ಬಿಲ್ಲೆ ಸಿಗಿಸಿದೆ. ಬಿಲ್ಲೆ ಅಂಚಲ್ಲಿ ಗಂಟೆಗೊಂದರಂತೆ 24 ಗೀಟು, ಗೀಟಿಗೆ 15 ಡಿಗ್ರಿ. ಅಂಕಿ ಮಾತ್ರ ಉಲ್ಟಾ ಬರೀಬೇಕು, ಉತ್ತರಕ್ಕೆ ಮುಖ ಮಾಡಿ ನಿಂತ್ರೆ ನಕ್ಷತ್ರ ತಿರುಗೋದು ಎಡಕ್ಕೆ, ನಾನು ಮೊದಲ್ನೇ ರಟ್ಟು ಇದಕ್ಕೇ ಎಸೆದೆ. ಧ್ರುವ, ಅಂದ್ರೆ ನಕ್ಷತ್ರಗಳೆಲ್ಲ ಸುತ್ತೋ ಆಕಾಶದ ಬಿಂದು, ವೆರೋನಾದಲ್ಲಿ 45 ಡಿಗ್ರಿ ಮೇಲಿರುತ್ತೆ, ಇಲ್ಲಿ ಹದಿನೈದೂವರೆ ಅಷ್ಟೇ, ಪಕ್ಕದ ಮನೆ ನೀರಿನ ಟ್ಯಾಂಕ್ ತಪ್ಪಿಸೋಕೆ ಟೆರೇಸ್ ಮೂಲೆ ಹುಡುಕಬೇಕಾಯ್ತು. ಕೋನಮಾಪಕಕ್ಕೆ ದಾರದಲ್ಲಿ ನಟ್ಟು ಕಟ್ಟಿ ಕೋನ ಹಿಡಿದೆ.

ಪೈಪಿನೊಳಗೆ ಧ್ರುವ ನಕ್ಷತ್ರ ಕೂತ್ರೆ, ಲಘು ಸಪ್ತರ್ಷಿಯ ಕೋಚಾಬ್ ಅನ್ನೋ ನಕ್ಷತ್ರ ಬಿಲ್ಲೆ ಅಂಚಿಂದ ಚೂರು ಆಚೆ ಕಾಣುತ್ತೆ, ಅದೇ ಗಡಿಯಾರದ ಮುಳ್ಳು. ಆ ಕಾಲದವ್ರಿಗೆ ಈ ಸುಖ ಇರ್ಲಿಲ್ಲ, ಆಗ ನಮ್ಮ ಧ್ರುವ ನಕ್ಷತ್ರ ಧ್ರುವದಿಂದ ಆರೇಳು ಡಿಗ್ರಿ ದೂರ ಇತ್ತು. ಅದನ್ನೇ ಮುಳ್ಳು ಮಾಡ್ಕೊಂಡು, ಧ್ರುವದ ಪಕ್ಕದ ಮಂಕು ನಕ್ಷತ್ರವೊಂದನ್ನ ಕೊಳವೆಯಲ್ಲಿ ಹಿಡೀತಿದ್ರು ಅಂತ ಒಂದು ವಾದ ಇದೆ. ಮಂಕು ಚುಕ್ಕೆಗೆ ಕೊಳವೆ ಬೇಕೇ ಬೇಕು, ಹಾಗಾಗಿ ನಂಗೆ ಈ ವಾದ ಒಪ್ಪಿಗೆ.

ಏಪ್ರಿಲ್‌ನಲ್ಲಿ ಮೊದಲ ರಾತ್ರಿ, ಮೊಬೈಲಲ್ಲಿ ಒಂಬತ್ತು, ಬಿಲ್ಲೆಯಲ್ಲಿ ಎಂಟೂವರೆ. ಲೆಕ್ಕ ನೋಡ್ದೆ, ಸರಿ ಇದೆ. ಬಿಲ್ಲೆ ಸೊಟ್ಟ ಕೂತಿರ್ಬೇಕು ಅನ್ಕೊಂಡು, ಬೇಜಾರಾಗಿ ಹಾಗೇ ಬಿಟ್ಟು ವಾರ ಕಳೆದು ಹತ್ತಿ ನೋಡಿದ್ರೆ ಬರೋಬ್ಬರಿ ಒಂಬತ್ತು! ತಾನೇ ಸರಿ ಹೋಯ್ತು ಅಂತ ಖುಷಿಯಲ್ಲಿ ಮಾಲಕರ ಮನೆ ಅಜ್ಜಿನ ಕರೆದು ತೋರಿಸ್ದೆ. ಇನ್ನೊಂದು ವಾರಕ್ಕೆ ಒಂಬತ್ತೂವರೆ ಹತ್ರ ತೋರಿಸ್ತು.

ಆಗಿದ್ದೇನಂದ್ರೆ ಎರಡು ತಪ್ಪು ಒಂದನ್ನೊಂದು ನುಂಗಿತ್ತು. ನಕ್ಷತ್ರ ದಿನಾ ನಾಲ್ಕು ನಿಮಿಷ ಮುಂಚೆ ಬರುತ್ತೆ, ಬಿಲ್ಲೆನ ತಾರೀಕಿಗೆ ತಕ್ಕಂತೆ ದಿನಕ್ಕೊಂದು ಡಿಗ್ರಿ ತಿರುಗಿಸ್ಬೇಕಿತ್ತು, ನಾನು ಮರೆತಿದ್ದೆ. ವಾರಕ್ಕೆ 28 ನಿಮಿಷ ಮುಂದೆ. ಇನ್ನೊಂದು, ನಮ್ಮ ಮೊಬೈಲ್ ಟೈಮ್ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ್ದು, ಧಾರವಾಡ ಇರೋದು 75ರಲ್ಲಿ, ಏಳೂವರೆ ಡಿಗ್ರಿಗೆ ಸರಿಯಾಗಿ ಅರ್ಧ ಗಂಟೆ ಹಿಂದೆ. ಸನ್ಯಾಸಿಗಳಿಗೆ ಈ ರಗಳೆನೇ ಇಲ್ಲ, ಅವರೂರಲ್ಲಿ ಸೂರ್ಯ ದಿನದ ಅತಿ ಎತ್ತರಕ್ಕೆ ಬಂದಾಗ ಅವ್ರಿಗೆ ಮಧ್ಯಾಹ್ನ.

ಎರಡೂ ಸರಿಮಾಡಿದ ಮೇಲೆ ಹತ್ತು ನಿಮಿಷದೊಳಗೆ ಟೈಮ್ ಸಿಗ್ತಿದೆ. ಒಂದು ಡಿಗ್ರಿ ಅಂದ್ರೆ ನಾಲ್ಕು ನಿಮಿಷ, ಕಣ್ಣಳತೆಯಲ್ಲಿ ಇದಕ್ಕಿಂತ ಕಮ್ಮಿ ಮಾಡೋದು ಕಷ್ಟ. ಅಜ್ಜಿಗೆ ಮತ್ತೆ ತೋರಿಸಿದ್ರೆ, "ಹೋದ ಸರ್ತಿನೂ ಬರೋಬ್ಬರಿ ಐತಿ ಅಂದಿದ್ದಿ ನೋಡು" ಅಂದ್ರು. ಜೂನಲ್ಲಿ ಮಳೆಗೆ ರಟ್ಟು ಉಬ್ಬಿ ಬಿಚ್ಕೊಂಡಿದೆ, ಮುಂದಿನದು ಪ್ಲೈವುಡ್.