ಚಾಕ್ ಗೆರೆಯ ಆಚೆಗಿನ ಜಾಗ

ಹತ್ತನೆಯ ತರಗತಿಗೆ ನಾಜಿಗಳ ಕಾಲದ ಪಾಠ ಮಾಡುವ ದಿನ ನಾನು ಅಳತೆ ಟೇಪು ಒಯ್ಯುತ್ತೇನೆ. ಗೋಡೆಯಿಂದ ಸುಮಾರು 75 ಸೆಂಟಿಮೀಟರ್ ಬಿಟ್ಟು ನೆಲದ ಮೇಲೆ ಚಾಕ್ ಗೆರೆ ಎಳೆಯುತ್ತೇನೆ. ನೆದರ್‌ಲೆಂಡ್ಸಿನ ಹಾರ್ಲೆಮ್ ಊರಿನಲ್ಲಿ ಗಡಿಯಾರದಂಗಡಿ ಇಟ್ಟಿದ್ದ ಟೆನ್ ಬೂಮ್ ಕುಟುಂಬದ ಮನೆಯಲ್ಲಿ, ಮಗಳು ಕೊರಿ ಮಲಗುವ ಕೋಣೆಯ ಸುಳ್ಳುಗೋಡೆಯ ಹಿಂದೆ, ನಾಜಿಗಳು ಹುಡುಕುತ್ತಿದ್ದ ಯಹೂದಿಗಳನ್ನೂ ಇತರರನ್ನೂ ಬಚ್ಚಿಡಲು ಮಾಡಿದ್ದ ಜಾಗದ ಅಗಲ ಇಷ್ಟೇ.

ಮೊದಲ ವರ್ಷ ಆರು ಮಕ್ಕಳನ್ನು ಗೆರೆಯೊಳಗೆ ನಿಲ್ಲಿಸಿದ್ದೆ. ಅದು ನನ್ನ ತಪ್ಪು. ತಳ್ಳಾಡಿಕೊಂಡು ನಕ್ಕರು, ಎರಡೇ ನಿಮಿಷದಲ್ಲಿ ಆಟವಾಯಿತು. ಪ್ರಾಣಭಯದಲ್ಲಿ ಉಸಿರು ಬಿಗಿಹಿಡಿದವರ ಸಂಕಟವನ್ನು ಮಕ್ಕಳಿಂದ ನಟನೆ ಮಾಡಿಸಬಾರದು. ಈಗ ಆ ಜಾಗವನ್ನು ಖಾಲಿ ಬಿಡುತ್ತೇನೆ.

ಬದಲಿಗೆ ಆ ಮನೆಯ ಕೆಲಸಗಳ ಬಗ್ಗೆ ಕೇಳುತ್ತೇನೆ. ಪಡಿತರ ಚೀಟಿಯ ಕಾಲ. ತಲೆಮರೆಸಿಕೊಂಡವರಿಗೆ ಚೀಟಿ ಎಲ್ಲಿಂದ? ಪಡಿತರ ಕಚೇರಿಯ ಪರಿಚಿತರೊಬ್ಬರ ಬಳಿ ಕೊರಿ ನೂರು ಚೀಟಿ ಕೇಳಿದರು. ಗೋಡೆಗೆ ಇಟ್ಟಿಗೆಯೇ ಏಕೆ? ಹಲಗೆಯಾದರೆ ತಟ್ಟಿದಾಗ ಟೊಳ್ಳು ಸದ್ದು. ಅದನ್ನು ಒಳಗೆ ತಂದದ್ದು ಹೇಗೆ? ಕೈಚೀಲಗಳಲ್ಲಿ, ಪತ್ರಿಕೆಯಲ್ಲಿ ಸುತ್ತಿ, ಕೆಲವೇ ಕೆಲವು. ಗಂಟೆ ಬಾರಿಸಿದೊಡನೆ ಅಡಗುವ ತಾಲೀಮಿನಲ್ಲಿ ಹಾಸಿಗೆಯನ್ನೂ ಮಗುಚಬೇಕಿತ್ತು. ಏಕೆ? ಇದಕ್ಕೆ ಉತ್ತರ ಬರಲು ಹೊತ್ತು ಹಿಡಿಯುತ್ತದೆ. ಮಲಗಿದ್ದವರ ಮೈಬಿಸಿ ಹುಡುಕಲು ಬಂದವರ ಕೈಗೆ ತಾಗಬಾರದು. ಅಲ್ಲಿಗೆ ತರಗತಿ ಮೌನವಾಗುತ್ತದೆ. ಧೈರ್ಯವೆಂದರೆ ಬಂದೂಕು ಎಂದುಕೊಂಡಿರುವ ಮಕ್ಕಳಿಗೆ ನಾನು ತೋರಿಸಬೇಕೆಂದಿರುವುದು ಹಾಸಿಗೆ ಮಗುಚುವ ಆ ಕೈಗಳನ್ನು.

1944ರ ಫೆಬ್ರುವರಿ 28ರಂದು ದಾಳಿಯಾಯಿತು. ಮನೆಯವರನ್ನು ಹಿಡಿದೊಯ್ದರು, ಅಡಗುದಾಣ ಮಾತ್ರ ಸಿಗಲಿಲ್ಲ. ಒಳಗಿದ್ದ ಆರೂ ಜನರನ್ನು ಸುಮಾರು ಎರಡು ದಿನಗಳ ನಂತರ ಸುರಕ್ಷಿತವಾಗಿ ಹೊರಗೆ ತರಲಾಯಿತು. ಎಂಬತ್ತನಾಲ್ಕು ವರ್ಷದ ತಂದೆ ಕ್ಯಾಸ್ಪರ್ ಹತ್ತೇ ದಿನಗಳಲ್ಲಿ ಸೆರೆಯಲ್ಲಿ ತೀರಿಕೊಂಡರು. ಅಕ್ಕ ಬೆಟ್ಸಿ ಅದೇ ಡಿಸೆಂಬರಿನಲ್ಲಿ ಜರ್ಮನಿಯ ರಾವೆನ್ಸ್‌ಬ್ರುಕ್ ಸೆರೆಶಿಬಿರದಲ್ಲಿ ಸತ್ತರು. ಕೊರಿ ಬದುಕಿ ಬಂದರು.

ಈ ವರ್ಷ ಗೆರೆ ಒರೆಸುವಾಗ ಒಬ್ಬ ಹುಡುಗಿ ಹತ್ತಿರ ಬಂದು ಕೇಳಿದಳು: "ಹಿಡಿಸಿಕೊಟ್ಟವರು ಯಾರು, ಟೀಚರ್?"

ಅವರದೇ ದೇಶದವನು ಎಂದೆ. ಹೆಂಡತಿಯನ್ನು ಬಿಡಿಸಲು ಹಣ ಬೇಕೆಂದು ಅವರ ಬಾಗಿಲಿಗೇ ಬಂದಿದ್ದ. ಕೊರಿ ಕೊಡಲು ಒಪ್ಪಿದ್ದರು.

ಅವಳು ತುಸು ಹೊತ್ತು ಯೋಚಿಸಿದಳು. "ಹಾಗಾದರೆ ಬಂದವರನ್ನೆಲ್ಲ ನಂಬಲೇಬೇಕಾಗಿತ್ತಲ್ಲವೇ?" ಮುಂದಿನ ವರ್ಷ ಈ ಪಾಠವನ್ನು ಅವಳ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.