ಹಾವಿಗೊಂದು ಮೂಲೆ, ನಮಗೊಂದು ದಾರಿ

ಹಿತ್ತಿಲಿಗೆ ಹಾವು ಬರುವುದು ನಮ್ಮನ್ನು ಹುಡುಕಿಕೊಂಡಲ್ಲ. ಇಲಿ, ಕಪ್ಪೆ ಸಿಗುತ್ತವೆ, ಅವಿತುಕೊಳ್ಳಲು ಜಾಗವೂ ಇದೆ ಅಂತ ಬರುತ್ತದೆ. ಹಾಗಾಗಿ ಮೊದಲ ಕೆಲಸ ಹಾವಿನದ್ದಲ್ಲ, ಇಲಿಯದ್ದು. ಕೋಳಿ, ನಾಯಿಗೆ ಹಾಕಿದ ತಿನಿಸು ರಾತ್ರಿ ಹೊರಗೆ ಉಳಿಯಬಾರದು. ಕಾಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಇಲಿ ಪಾಷಾಣ ಮಾತ್ರ ಬೇಡ. ವಿಷ ತಿಂದ ಇಲಿಯನ್ನು ನುಂಗಿದ ಹಾವು, ಗೂಬೆಗಳೂ ಸಾಯಬಹುದು. ಅಂಟಿನ ಹಲಗೆಯೂ ಬೇಡ, ಅದಕ್ಕೆ ಹಾವೂ ಅಂಟಿಕೊಳ್ಳುತ್ತದೆ.

ಆಮೇಲೆ ಮನೆಯ ಸುತ್ತ ಹುಲ್ಲು ಗಿಡ್ಡವಾಗಿರಲಿ. ಗೋಡೆಗೆ ಒರಗಿಸಿದ ಸೌದೆ, ಇಟ್ಟಿಗೆ, ಹಳೇ ತಗಡನ್ನು ದೂರ ಸಾಗಿಸಿ. ಬಿಸಿಲಿಗೆ ಕಾದ ತಗಡಿನ ಅಡಿ ಹಾವಿಗೆ ಬೆಚ್ಚನೆಯ ಗೂಡು. ಹಾಗಂತ ಇಡೀ ಹಿತ್ತಿಲು ಬೋಳಿಸಬೇಡಿ. ಜನ ಓಡಾಡದ ಕೊನೆಯ ಮೂಲೆಯಲ್ಲಿ ಒಂದು ಪೊದೆ, ಒಂದಿಷ್ಟು ಕಲ್ಲು ರಾಶಿ ಇರಲಿ. ಅದು ಹಾವಿನ ಪಾಲು. ಬಾಗಿಲಡಿ, ಪೈಪಿನ ಸುತ್ತ 6 ಮಿಲಿಮೀಟರ್‌ಗಿಂತ ದೊಡ್ಡ ಸಂದಿದ್ದರೆ ಮುಚ್ಚಿಬಿಡಿ.

ನಾವು ಲೆಕ್ಕಕ್ಕೇ ತೆಗೆದುಕೊಳ್ಳದ್ದು ಗಿಡಕ್ಕೆ ಹೊದಿಸುವ ಪ್ಲಾಸ್ಟಿಕ್ ಬಲೆ. ಅದರ ಕಣ್ಣಿನಲ್ಲಿ ಹಾವಿನ ತಲೆ ತೂರುತ್ತದೆ, ನಡು ಸಿಕ್ಕಿಕೊಳ್ಳುತ್ತದೆ. ಹಿಂದೆ ಸರಿಯೋಣ ಅಂದರೆ ಮೈಮೇಲಿನ ಹುರುಪೆ ನೂಲಿಗೆ ಕಚ್ಚಿಕೊಳ್ಳುತ್ತದೆ. ಎಳೆದಾಡಿದಷ್ಟೂ ನೂಲು ಮೈಗೆ ಕೊಯ್ಯುತ್ತದೆ. ಕೊನೆಗೆ ಬಿಸಿಲಿಗೆ ಸಾಯುತ್ತದೆ. ಕಿರುಬೆರಳು ತೂರದಷ್ಟು, ಅಂದರೆ 5 ಮಿಲಿಮೀಟರ್ ಒಳಗಿನ ಕಣ್ಣಿನ ಬಲೆ ತನ್ನಿ. ನೆಲದ ಮೇಲೆ ಸಡಿಲವಾಗಿ ಹರಡಬೇಡಿ. ಬೆಳೆ ಮುಗಿದ ದಿನವೇ ಸುತ್ತಿಡಿ. ನೀರಿನ ತೊಟ್ಟಿಗೂ ಇದೇ ಗಮನ ಬೇಕು. ಓರೆಯಾಗಿ ಒಂದು ಹಲಗೆ ಇಟ್ಟರೆ ಬಿದ್ದದ್ದು ಹತ್ತಿಕೊಂಡು ಹೋಗುತ್ತದೆ.

ಹುಲ್ಲು ಕತ್ತರಿಸುವ ಮುನ್ನ ಕೋಲಿನಿಂದ ತಟ್ಟುತ್ತಾ ಒಂದು ಸುತ್ತು ಬನ್ನಿ. ಗೊಬ್ಬರದ ಗುಂಡಿಯ ಬಿಸಿಗೆ ಕೆಲವು ಹಾವು ಮೊಟ್ಟೆ ಇಡುತ್ತವೆ, ಬರಿಗೈ ಹಾಕಬೇಡಿ. ಹಿತ್ತಿಲಿಗೆ ಇಳಿಯುವಾಗ ಕಾಲು ಮುಚ್ಚುವ ಬೂಟು, ಕತ್ತಲಾದ ಮೇಲೆ ಟಾರ್ಚು. ನುಸಿ ಗುಳಿಗೆ, ಗಂಧಕದ ಪುಡಿ ಸುಮ್ನೆ ದುಡ್ಡು ದಂಡ. ಹಾವು ಅದರ ಮೇಲೆಯೇ ಹರಿದು ಹೋಗುತ್ತದೆ.

ಇಷ್ಟಾದರೂ ಹಾವು ಕಂಡರೆ? ಮಕ್ಕಳನ್ನೂ ನಾಯಿಯನ್ನೂ ಒಳಗೆ ಕಳಿಸಿ, ದೂರ ನಿಂತು ನೋಡಿ. ಹೆಚ್ಚಿನ ಸಲ ತಾನೇ ಹೋಗುತ್ತದೆ. ಮನೆಯೊಳಗೆ ಬಂದಿದ್ದರೆ ಅಥವಾ ಬಲೆಗೆ ಸಿಕ್ಕಿದ್ದರೆ ತರಬೇತಿ ಪಡೆದ ಉರಗ ರಕ್ಷಕರಿಗೆ ಫೋನ್ ಮಾಡಿ. ಹೊಡೆಯಲು ಹೋಗಿ ಕಚ್ಚಿಸಿಕೊಂಡವರು ಜಾಸ್ತಿ ಇದ್ದಾರೆ.

ಒಂದು ವೇಳೆ ಕಚ್ಚಿದರೆ ಗಾಯ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಗ್ಗದಿಂದ ಬಿಗಿಯಬೇಡಿ. ಉಂಗುರ, ಬಳೆ ತೆಗೆಯಿರಿ. ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಹಾವನ್ನು ಹಿಡಿದು ತರುವ ಸಾಹಸ ಬೇಡ. ದೂರದಿಂದ ಒಂದು ಫೋಟೊ ಸಿಕ್ಕರೆ ಸರಿ, ಸಿಗದಿದ್ದರೆ ಅದಕ್ಕಾಗಿ ಕಾಯದೆ ಹೊರಡಿ.